ನಾನ್‌ಸ್ಟಿಕ್ ತವಾಕ್ಕೆ ಮರದ ಸೌಟೇ ಮಿತ್ರ

ಹೊಸ ನಾನ್‌ಸ್ಟಿಕ್ ತವಾ ತಂದ ದಿನ ದೋಸೆ ತಾನಾಗಿಯೇ ಎದ್ದು ಬರುತ್ತದೆ. ಕೆಲವೇ ತಿಂಗಳಲ್ಲಿ ಅದೇ ತವಾದ ಮೇಲೆ ಬಿಳಿ ಗೆರೆಗಳು, ಅಲ್ಲಲ್ಲಿ ಸಿಪ್ಪೆ ಎದ್ದ ಕಲೆಗಳು. ತವಾ ಕಳಪೆ ಎಂದು ದೂರುತ್ತೇವೆ. ಆದರೆ ಹೆಚ್ಚಿನ ಸಲ ಅದನ್ನು ಕೆಡಿಸುವುದು ನಮ್ಮ ಕೈಯ ಸ್ಟೀಲ್ ಸೌಟು ಮತ್ತು ಒಲೆಯ ದೊಡ್ಡ ಉರಿ.

ಈ ಲೇಪನದ ಹೆಸರು ಟೆಫ್ಲಾನ್. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿಗೆ ಆಕಸ್ಮಿಕವಾಗಿ ದೊರೆತ ವಸ್ತು ಇದು. 1954ರಲ್ಲಿ ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗ್ವಾರ್ ಪತ್ನಿಯ ಸಲಹೆಯಂತೆ ಅದನ್ನು ಅಲ್ಯೂಮಿನಿಯಂ ಬಾಣಲೆಗೆ ಅಂಟಿಸಿದರು. ಈ ಪದರ ಕೂದಲೆಳೆಗಿಂತ ತೆಳು. ಲೋಹ ತಾಗಿದರೆ ಗೀರು ಬೀಳದೆ ಇರದು.

ಚನ್ನಪಟ್ಟಣದ ಸೌಟು

ರಾಮನಗರ, ಕನಕಪುರ, ಮಾಗಡಿ ಕಡೆಯ ಮನೆಗಳಲ್ಲಿ ಮುದ್ದೆ ತೊಳಸಲು ಮರದ ಕೋಲು ಹಿಂದಿನಿಂದಲೂ ಇದೆ. (ಮುದ್ದೆಯನ್ನು ಮಾತ್ರ ನಾನ್‌ಸ್ಟಿಕ್‌ನಲ್ಲಿ ಮಾಡಬೇಡಿ, ಆ ಬಲವನ್ನು ಲೇಪನ ತಡೆಯದು.) ಪಕ್ಕದ ಚನ್ನಪಟ್ಟಣದ ಕುಶಲಕರ್ಮಿಗಳು ಗೊಂಬೆಗಳ ಜೊತೆ ಅಡುಗೆ ಮನೆಯ ಮರದ ವಸ್ತುಗಳನ್ನೂ ಮಾಡುತ್ತಾರೆ. ಇವರಲ್ಲಿ ಮುಸ್ಲಿಂ ಕುಟುಂಬಗಳೂ ಬಹಳ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಗೊಂಬೆಗೆ ಬಣ್ಣ ಹಾಕುವುದು ಅರಗಿನಿಂದ. ಲೇತ್‌ನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಅಂಟಿಕೊಳ್ಳುತ್ತದೆ. ಉಜ್ಜಿದ ಬಿಸಿಗೆ ಕರಗುವ ಅರಗು ಕಾದ ಎಣ್ಣೆಯಲ್ಲಿ ಉಳಿದೀತೇ? ಹಿಡಿಗೆ ಬಣ್ಣವಿರಲಿ, ಬಾಣಲೆಗೆ ಇಳಿಯುವ ತುದಿ ಬರೀ ಮರವಾಗಿರಲಿ.

ಉರಿ ಸಣ್ಣದಿರಲಿ

ಖಾಲಿ ತವಾವನ್ನು ದೊಡ್ಡ ಉರಿಯಲ್ಲಿ ಇಟ್ಟು ಮರೆಯಬೇಡಿ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪನ ಕೆಡಲು ಶುರುವಾಗುತ್ತದೆ. ಇನ್ನೂ ಕಾದರೆ ಬರುವ ಹೊಗೆ ಪಂಜರದ ಹಕ್ಕಿಗಳನ್ನು ಕೊಲ್ಲಬಲ್ಲದು. ಮನುಷ್ಯರಿಗೂ ಚಳಿ, ಜ್ವರ ಬರಬಹುದು. ಮೊದಲು ಸ್ವಲ್ಪ ಎಣ್ಣೆ ಸವರಿ, ಆಮೇಲೆ ಒಲೆ ಹಚ್ಚಿ. ಕಿಟಕಿ ತೆರೆದಿರಲಿ.

ತೊಳೆಯುವುದು ಹೀಗೆ

* ಬಿಸಿ ತವಾಕ್ಕೆ ತಣ್ಣೀರು ಸುರಿಯಬೇಡಿ, ತಳ ಸೊಟ್ಟಗಾಗುತ್ತದೆ. ಪೂರ್ತಿ ಆರಲಿ.
* ಉಗುರು ಬೆಚ್ಚಗಿನ ನೀರು, ಸ್ವಲ್ಪ ಸಾಬೂನು, ಮೆತ್ತನೆಯ ಸ್ಪಂಜು ಸಾಕು. ಸ್ಟೀಲ್ ನಾರು, ಬೂದಿ, ಮರಳು ಬೇಡ.
* ತಳ ಹಿಡಿದಿದ್ದರೆ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಒರೆಸಿ.
* ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆ ಹಾಸಿ.
* ಹುಳಿ ಸಾರನ್ನು ಅದರಲ್ಲೇ ರಾತ್ರಿಯಿಡೀ ಇಡಬೇಡಿ. ಗೀರು ಬಿದ್ದಿದ್ದರೆ ಒಳಗಿನ ಅಲ್ಯೂಮಿನಿಯಂ ಹುಳಿಗೆ ಸೇರುತ್ತದೆ.

ಬಿಡುವ ಕಾಲ

ಲೇಪನದ ಚೂರು ಹೊಟ್ಟೆಗೆ ಹೋದರೆ ಗಾಬರಿ ಬೇಡ, ಅದು ಜೀರ್ಣವಾಗದೆ ಹೊರ ಹೋಗುತ್ತದೆ. ಆದರೂ ಸಿಪ್ಪೆ ಏಳುತ್ತಿರುವ ತವಾವನ್ನು ಬಳಸುತ್ತಾ ಕೂರಬೇಡಿ. ಹಿಂದೆ ಈ ಲೇಪನದ ತಯಾರಿಕೆಯಲ್ಲಿದ್ದ ಪಿಎಫ್‌ಒಎ ಎಂಬ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ನಿರ್ಮೂಲನೆಯ ಪಟ್ಟಿಗೆ ಸೇರಿಸಲಾಯಿತು. ಆದ್ದರಿಂದ ಹೊಸದು ಕೊಳ್ಳುವಾಗ ‘ಪಿಎಫ್‌ಒಎ ರಹಿತ’ ಎಂದಿದೆಯೇ ನೋಡಿ.

ದುಡ್ಡು ಕೊಟ್ಟು ತಂದ ತವಾ ನಾಲ್ಕು ವರ್ಷ ಬಾಳುವುದೋ ನಾಲ್ಕೇ ತಿಂಗಳೋ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಮುಂದಿನ ಬಾರಿ ಚನ್ನಪಟ್ಟಣದ ದಾರಿಯಲ್ಲಿ ಮಕ್ಕಳಿಗೆ ಗೊಂಬೆ ಕೊಳ್ಳುವಾಗ ಅಡುಗೆ ಮನೆಗೂ ಒಂದು ಸೌಟು ಕೊಳ್ಳಿ.