ಜೀಪು ಮೋಟಾರಿನ ಶಬ್ದವೂ ದೋಷಸ್ಥಾನದ ನಿರ್ಣಯವೂ

ಎತ್ತಿನ ಬಂಡಿಯ ಅಚ್ಚಿನಲ್ಲಿ ಕೀಲೆಣ್ಣೆ ಆರಿಹೋದಾಗ ಹೊರಡುವ ಕಿರುಗುಟ್ಟುವಿಕೆಯನ್ನು ಕೇಳಿದೊಡನೆಯೇ, ಅದು ಎಡಗಾಲಿಯದೋ ಬಲಗಾಲಿಯದೋ ಎಂಬುದನ್ನು ಕುಳಿತಲ್ಲಿಂದಲೇ ಹೇಳಬಲ್ಲವರು ರೈತಾಪಿ ಜನರಲ್ಲಿ ಅಪೂರ್ವವಲ್ಲ. ಆದರೆ ಅದೇ ಮನೆಯ ಜೀಪು ಮೋಟಾರು ಶಬ್ದಮಾಡತೊಡಗಿದಾಗ, “ಹಳೆಯ ಗಾಡಿ, ಸದ್ದು ಸಹಜ” ಎಂದು ಉದಾಸೀನ ಮಾಡುವವರು ಕೆಲವರು. ಕೂಡಲೇ ಮೇಸ್ತ್ರಿಯ ವಶಕ್ಕೊಪ್ಪಿಸಿ ಎಲ್ಲವನ್ನೂ ಬಿಚ್ಚಿಸುವವರು ಮತ್ತೆ ಕೆಲವರು. ಮೊದಲನೆಯದರಿಂದ ಅಪಾಯವೂ ಎರಡನೆಯದರಿಂದ ವೃಥಾ ವೆಚ್ಚವೂ ಉಂಟಾಗುತ್ತವೆ. ಬಂಡಿಯ ವಿಷಯದಲ್ಲಿ ತೋರುವ ಶ್ರವಣಜ್ಞಾನವನ್ನೇ ಕ್ರಮವರಿತು ಜೀಪಿಗೂ ಉಪಯೋಗಿಸಿದರೆ ಈ ಎರಡನ್ನೂ ತಪ್ಪಿಸಬಹುದು.

ಉದಾಸೀನದ ಪರಿಣಾಮ

೧೯೪೧ರಿಂದ ೧೯೪೫ರವರೆಗೆ ಅಮೆರಿಕಾ ದೇಶದಲ್ಲಿ ಆರು ಲಕ್ಷಕ್ಕೂ ಮಿಕ್ಕಿ ತಯಾರಾದ ಯುದ್ಧಕಾಲದ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಗಾಲಿಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಹಿಂಬದಿಯ ಪ್ರೊಪೆಲರ್ ಷಾಫ್ಟನ್ನು ಹಿಡಿಯುತ್ತದೆ. ಆ ಮಾದರಿಯನ್ನು ಅನುಸರಿಸಿದ ಹಳೆಯ ಗಾಡಿಗಳಲ್ಲಿಯೂ ಇದೇ ಏರ್ಪಾಡನ್ನು ಕಾಣಬಹುದು. ಇಂತಹ ಗಾಡಿಯು ಎರಡು ಗಾಲಿಗಳ ಚಾಲನೆಯಲ್ಲಿ ಇಳಿಜಾರಿನಲ್ಲಿರುವಾಗ ಹಿಂಬದಿಯ ಷಾಫ್ಟು ಮುರಿದರೆ, ಎಂಜಿನ್ನಿನ ತಡೆಯೂ ಹ್ಯಾಂಡ್‌ಬ್ರೇಕಿನ ಹಿಡಿತವೂ ಏಕಕಾಲದಲ್ಲಿ ಇಲ್ಲವಾಗುತ್ತವೆ. ಕಾಲಿನ ಬ್ರೇಕೊಂದೇ ಉಳಿಯುವುದು. ಕೊಡಗು, ಚಿಕ್ಕಮಗಳೂರು ಮೊದಲಾದ ಕಡೆಗಳ ಕಾಫಿತೋಟಗಳಲ್ಲಿ ಆಳುಗಳನ್ನೂ ಮೂಟೆಗಳನ್ನೂ ಹೇರಿಕೊಂಡು ಇಳಿಯುವವರು ಇದನ್ನು ಚೆನ್ನಾಗಿ ಮನಗಾಣತಕ್ಕದ್ದು. ಷಾಫ್ಟಿನ ಜಾಯಿಂಟು ಸಾಮಾನ್ಯವಾಗಿ ಮುನ್ಸೂಚನೆಯನ್ನು ಕೊಟ್ಟೇ ಮುರಿಯುತ್ತದೆ. ಆ ಮುನ್ಸೂಚನೆಯೇ ಶಬ್ದ.

ಶಕ್ತಿಯು ಹರಿಯುವ ಮಾರ್ಗ

ಎಂಜಿನ್ನಿನ ಶಕ್ತಿಯು ಕ್ಲಚ್ಚು, ಗೇರ್‌ಬಾಕ್ಸುಗಳ ಮೂಲಕ ಟ್ರಾನ್ಸ್‌ಫರ್ ಕೇಸನ್ನು ಸೇರುತ್ತದೆ. ಅಲ್ಲಿ ಅದು ಕವಲೊಡೆದು, ಮುಂದಕ್ಕೊಂದು ಹಿಂದಕ್ಕೊಂದು ಪ್ರೊಪೆಲರ್ ಷಾಫ್ಟಿನ ಮೂಲಕ ಆಯಾ ಡಿಫರೆನ್ಷಿಯಲ್ಲಿಗೂ, ಅಲ್ಲಿಂದ ಆಕ್ಸಲ್ ಷಾಫ್ಟುಗಳ ಮೂಲಕ ಗಾಲಿಗಳಿಗೂ ಹರಿಯುತ್ತದೆ. ಪ್ರೊಪೆಲರ್ ಷಾಫ್ಟಿನ ಎರಡು ತುದಿಗಳಲ್ಲಿಯೂ ಮೇಸ್ತ್ರಿಗಳು ‘ಕ್ರಾಸು’ ಎಂದು ಕರೆಯುವ ಕೂಡುಕೀಲುಗಳಿರುತ್ತವೆ. ಯುದ್ಧಕಾಲದ ಜೀಪಿನಲ್ಲಿ ಮುಂದಿನ ಗಾಲಿಗಳಿಗೆ ಶಕ್ತಿಯನ್ನು ಕೊಡದಿರುವಾಗಲೂ ಮುಂಬದಿಯ ಷಾಫ್ಟು ಗಾಲಿಗಳೊಡನೆ ತಿರುಗುತ್ತಲೇ ಇರುವುದು. ಆದುದರಿಂದ ಎರಡು ಗಾಲಿಗಳ ಚಾಲನೆಯಲ್ಲಿ ಶಬ್ದ ಬಂದಮಾತ್ರಕ್ಕೆ ದೋಷವು ಹಿಂಬದಿಯಲ್ಲಿಯೇ ಇದೆಯೆಂದು ನಿರ್ಧರಿಸಕೂಡದು.

ಪೂರ್ವಭಾವಿ ತನಿಖೆ

ಯಾವ ಪರೀಕ್ಷೆಗೂ ಮುಂಚೆ ಎರಡು ವಿಷಯಗಳನ್ನು ನೋಡತಕ್ಕದ್ದು. ಮೊದಲನೆಯದು ಎಣ್ಣೆ. ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು, ಎರಡು ಡಿಫರೆನ್ಷಿಯಲ್ಲುಗಳು, ಇವುಗಳಲ್ಲಿ ಎಣ್ಣೆಯು ಗೊತ್ತಾದ ಮಟ್ಟದಲ್ಲಿರಬೇಕು. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ಹಳ್ಳ ದಾಟುವಾಗ ನೀರು ಹೊಕ್ಕಿದೆಯೆಂದು ತಿಳಿದು, ಅದನ್ನು ಪೂರ್ತಿಯಾಗಿ ಬಸಿದು, ತಯಾರಕರು ಸೂಚಿಸಿರುವ ಎಣ್ಣೆಯನ್ನು ತುಂಬಬೇಕು. ಉಕ್ಕಿನ ಚೂರುಗಳು ಕಂಡುಬಂದರೆ ಗಾಡಿಯನ್ನು ಮುಂದೆ ಓಡಿಸದಿರುವುದೇ ಲೇಸು. ಎರಡನೆಯದು ಟೈರು. ಕೆಸರಿಗಾಗಿ ಮಾಡಿದ ದಪ್ಪ ಹಲ್ಲಿನ ಟೈರುಗಳು ಟಾರು ರಸ್ತೆಯ ಮೇಲೆ ಗುಂಯ್‌ಗುಡುವುದುಂಟು. ಟಾರು ರಸ್ತೆಯಿಂದ ಮಣ್ಣುರಸ್ತೆಗೆ ಇಳಿದೊಡನೆ ಶಬ್ದದ ಸ್ವರೂಪವು ಬದಲಾದರೆ ಅದು ಟೈರಿನದೇ ಇರಬಹುದು.

ಓಡಿಸಿ ಮಾಡುವ ಪರೀಕ್ಷೆಗಳು

ಒಂದನೆಯ ಪರೀಕ್ಷೆ: ಸಮತಟ್ಟಾದ, ನೇರವಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ಗಂಟೆಗೆ ಸುಮಾರು ೪೦ ಕಿಲೋಮೀಟರ್ ವೇಗದಲ್ಲಿ ಶಬ್ದವನ್ನು ಕೇಳಿ, ಎಂಜಿನ್ನನ್ನು ನಿಲ್ಲಿಸದೆ ಗೇರನ್ನು ನ್ಯೂಟ್ರಲ್ಲಿಗೆ ತರಬೇಕು. ಗಾಡಿಯ ವೇಗದೊಡನೆ ಶಬ್ದವೂ ನಿಧಾನವಾಗಿ ಇಳಿಯುತ್ತ ಬಂದರೆ ದೋಷವು ಟ್ರಾನ್ಸ್‌ಫರ್ ಕೇಸಿನಿಂದ ಗಾಲಿಗಳವರೆಗಿನ ಭಾಗದಲ್ಲಿದೆ. ಶಬ್ದವು ತಟ್ಟನೆ ನಿಂತರೆ, ಗಾಡಿಯನ್ನು ನಿಲ್ಲಿಸಿಕೊಂಡು ನ್ಯೂಟ್ರಲ್ಲಿನಲ್ಲಿಯೇ ಎಂಜಿನ್ನನ್ನು ಅಷ್ಟೇ ವೇಗದಲ್ಲಿ ಓಡಿಸಿ ಕೇಳಬೇಕು. ಆಗಲೂ ಶಬ್ದವಿದ್ದರೆ ಎಂಜಿನ್ನು, ಕ್ಲಚ್ಚು ಅಥವಾ ಗೇರ್‌ಬಾಕ್ಸಿನದು. ಕ್ಲಚ್ಚನ್ನು ಒತ್ತಿದಾಗ ಶಬ್ದ ನಿಂತರೆ ಗೇರ್‌ಬಾಕ್ಸಿನ ಮುಂಬೇರಿಂಗನ್ನೂ, ಒತ್ತಿದಾಗಲೇ ಶಬ್ದ ಹುಟ್ಟಿದರೆ ಕ್ಲಚ್ಚಿನ ಬೇರಿಂಗನ್ನೂ ಸಂದೇಹಿಸಬೇಕು. ಈ ಪರೀಕ್ಷೆಯನ್ನು ಇಳಿಜಾರಿನಲ್ಲಿ ಎಂದಿಗೂ ಮಾಡಕೂಡದು.

ಎರಡನೆಯ ಪರೀಕ್ಷೆ: ಆಕ್ಸಿಲರೇಟರನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ನೋಡಬೇಕು. ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಊಳಿಡುವಂತಹ ಶಬ್ದ ಬಂದರೆ ಡಿಫರೆನ್ಷಿಯಲ್ಲಿನ ಹಲ್ಲುಗಳ ಹೊಂದಾಣಿಕೆ ಕೆಟ್ಟಿರಬಹುದು. ಎರಡು ಸ್ಥಿತಿಗಳಲ್ಲಿಯೂ ಒಂದೇ ಸಮನಾದ ಗುರುಗುಟ್ಟುವಿಕೆಯಿದ್ದರೆ ಬೇರಿಂಗನ್ನು ನೋಡಬೇಕು. ಗಾಡಿ ಹೊರಡುವಾಗ ‘ಠಕ್’ ಎಂದು ಒಂದು ಪೆಟ್ಟು ಕೇಳಿಸಿದರೆ ಕ್ರಾಸು ಸವೆದಿರುವುದು ಸಂಭವ.

ಮೂರನೆಯ ಪರೀಕ್ಷೆ: ಬಿಟ್ಟುಬಿಟ್ಟು ಬರುವ ಶಬ್ದವಾದರೆ ಎಣಿಸಬೇಕು. ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆಯೆಳೆದು, ಗಾಡಿಯನ್ನು ನಡಿಗೆಯ ವೇಗದಲ್ಲಿ ಓಡಿಸಿ, ಮತ್ತೊಬ್ಬರು ಪಕ್ಕದಲ್ಲಿ ದೂರ ಸರಿದು ನಡೆಯುತ್ತ ಕೇಳಬೇಕು. ಯುದ್ಧಕಾಲದ ಜೀಪಿನ ಡಿಫರೆನ್ಷಿಯಲ್ಲಿನ ಪ್ರಮಾಣವು ೪.೮೮ಕ್ಕೆ ೧. ಎಂದರೆ, ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರೊಪೆಲರ್ ಷಾಫ್ಟು ಸುಮಾರು ಐದು ಸುತ್ತು ತಿರುಗುತ್ತದೆ. ಸುತ್ತಿಗೆ ಒಂದೇ ಸಾರಿ ಶಬ್ದ ಬಂದರೆ ದೋಷವು ಗಾಲಿಯ ಕಡೆಯದು. ಐದು ಸಾರಿ ಬಂದರೆ ಷಾಫ್ಟಿನ ಕಡೆಯದು. ಬೇರೆ ಗಾಡಿಗಳ ಪ್ರಮಾಣವನ್ನು ಅವುಗಳ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು.

ನಾಲ್ಕನೆಯ ಪರೀಕ್ಷೆ: ಎಡಕ್ಕೆ ತಿರುಗಿಸಿದಾಗ ಗುರುಗುಟ್ಟುವಿಕೆ ಹೆಚ್ಚಾದರೆ, ಭಾರವು ಬಲಕ್ಕೆ ಬೀಳುವುದರಿಂದ, ಬಲಗಾಲಿಯ ಬೇರಿಂಗನ್ನು ಮೊದಲು ನೋಡಬೇಕು. ಬಲಕ್ಕೆ ತಿರುಗಿಸಿದಾಗ ಹೆಚ್ಚಾದರೆ ಎಡಗಾಲಿಯದು. ಸಡಿಲ ಮಣ್ಣಿನಲ್ಲಿ ನಾಲ್ಕು ಗಾಲಿಗಳ ಚಾಲನೆಯಲ್ಲಿ ತಿರುಗುವಾಗ ಮುಂದಿನಿಂದ ‘ಕಟಕಟ’ ಶಬ್ದ ಬಂದರೆ ಮುಂಗಾಲಿಯ ಬಳಿಯ ಜಾಯಿಂಟು ಸವೆದಿದೆಯೆಂದು ಊಹಿಸಬಹುದು.

ಬಳಕೆಯಿಂದಲೇ ಬರುವ ದೋಷ

ತಿರುವಿನಲ್ಲಿ ಮುಂಗಾಲಿಗಳು ಹಿಂಗಾಲಿಗಳಿಗಿಂತ ಹೆಚ್ಚು ದೂರ ಉರುಳಬೇಕು. ಈ ಜಾತಿಯ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಷಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲವಾದ್ದರಿಂದ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕಾಗುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಈ ಬಿಗಿತವು ಸಡಿಲಾಗುವುದು. ಟಾರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲದೆ ಷಾಫ್ಟುಗಳು ಮುರುಚಿಕೊಂಡು, ಸ್ಟೀರಿಂಗು ಬಿಗಿದು, ಗಾಡಿಯು ಪೆಟ್ಟುಕೊಡುತ್ತದೆ. ಚಾಲನೆಯ ಸನ್ನೆಯೂ ಸಿಕ್ಕಿಕೊಳ್ಳುತ್ತದೆ. ಆಗ ಸನ್ನೆಯನ್ನು ಬಲವಂತವಾಗಿ ಎಳೆಯದೆ, ಗಾಡಿಯನ್ನು ನೇರವಾಗಿ ಕೆಲವು ಮಾರು ಹಿಂದಕ್ಕೆ ನಡೆಸಿದರೆ ಬಿಗಿತ ಬಿಡುವುದು. ಮುಂದೆ ಹೊಸ ಟೈರುಗಳನ್ನೂ ಹಿಂದೆ ಸವೆದ ಟೈರುಗಳನ್ನೂ ಹಾಕಿದರೆ ನೇರ ರಸ್ತೆಯಲ್ಲಿಯೂ ಇದೇ ತೊಂದರೆಯುಂಟು. ಆದುದರಿಂದ ನಾಲ್ಕು ಟೈರುಗಳೂ ಒಂದೇ ಅಳತೆಯವೂ ಒಂದೇ ಸಮನಾಗಿ ಸವೆದವೂ ಆಗಿರಬೇಕು. ಗಟ್ಟಿ ರಸ್ತೆಗೆ ಬಂದೊಡನೆ ಮುಂಬದಿಯ ಚಾಲನೆಯನ್ನು ಬಿಡಿಸಬೇಕು.

ಗಾಡಿಯ ಕೆಳಗೆ ನೋಡುವಾಗ ಎಚ್ಚರಿಕೆ

ಷಾಫ್ಟನ್ನು ಹಿಡಿಯುವ ಹ್ಯಾಂಡ್‌ಬ್ರೇಕುಳ್ಳ ಗಾಡಿಯ ಒಂದು ಹಿಂಗಾಲಿಯನ್ನು ಜಾಕಿಯಿಂದ ಎತ್ತಿದರೆ, ಬ್ರೇಕು ಹಾಕಿದ್ದರೂ ಗಾಡಿ ಉರುಳಬಲ್ಲದು. ಏಕೆಂದರೆ ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಗಾಲಿಯು ಹಿಮ್ಮುಖವಾಗಿ ತಿರುಗುತ್ತ, ನೆಲದ ಮೇಲಿನ ಗಾಲಿಗೆ ತಿರುಗಲು ಎಡೆಗೊಡುತ್ತದೆ. ಆದುದರಿಂದ ಸಮನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಗಾಲಿಗಳ ಹಿಂದೆ ಮುಂದೆ ದಪ್ಪ ಕಲ್ಲುಗಳನ್ನು ಕೊಡಬೇಕು. ಜಾಕಿಯೊಂದನ್ನೇ ನಂಬಿ ಯಾರೂ ಕೆಳಗೆ ನುಸುಳಕೂಡದು.

ಒಂದು ಉದಾಹರಣೆ

ಒಬ್ಬ ತೋಟಗಾರರ ಜೀಪು ಹೊರಡುವಾಗ ‘ಠಕ್’ ಎನ್ನುತ್ತದೆ, ನಿಧಾನವಾಗಿ ಹೋಗುವಾಗ ಕೀಚುಗುಟ್ಟುತ್ತದೆ ಎಂದಿಟ್ಟುಕೊಳ್ಳೋಣ. ನ್ಯೂಟ್ರಲ್ಲಿಗೆ ತಂದರೂ ಕೀಚುಸದ್ದು ನಿಲ್ಲದು. ಎಣಿಸಿದರೆ ಗಾಲಿಯ ಸುತ್ತಿಗೆ ಐದು. ಇಷ್ಟರಿಂದಲೇ ಡಿಫರೆನ್ಷಿಯಲ್ಲನ್ನು ಬಿಚ್ಚುವ ಮೊದಲು ಷಾಫ್ಟನ್ನು ನೋಡಬೇಕೆಂದು ಗೊತ್ತಾಯಿತು. ಎಂಜಿನ್ನನ್ನು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಷಾಫ್ಟುಗಳನ್ನು ಒಂದೊಂದಾಗಿ ಕೈಯಿಂದ ಅಲುಗಿಸಿದಾಗ ಒಂದು ಕ್ರಾಸಿನಲ್ಲಿ ಸಡಿಲವೂ, ಅದರ ಸುತ್ತ ಕೆಂಪು ತುಕ್ಕಿನ ಪುಡಿಯೂ ಕಂಡುಬಂದರೆ ನಿರ್ಣಯವು ಮುಗಿಯಿತು. ಕ್ರಾಸನ್ನು ಬದಲಾಯಿಸಿ ಷಾಫ್ಟನ್ನು ಮತ್ತೆ ಜೋಡಿಸುವಾಗ, ಜಾರುಕೀಲಿನ ಎರಡು ಭಾಗಗಳ ಮೇಲಿನ ಗುರುತುಗಳು ಒಂದಕ್ಕೊಂದು ಎದುರಾಗಿರುವಂತೆ ನೋಡಬೇಕು. ಇಲ್ಲವಾದರೆ ಹೊಸ ನಡುಕವೊಂದು ಹುಟ್ಟುವುದು.

ಗಾಡಿಯ ಯಜಮಾನರು ಶಬ್ದವು ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಯಾವ ತಿರುವಿನಲ್ಲಿ ಬರುತ್ತದೆಯೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೇಸ್ತ್ರಿಗೆ ಕೊಟ್ಟರೆ ಅರ್ಧ ಕೆಲಸವಾದಂತೆಯೇ ಸರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಕಾಫಿಯ ಕೊಯ್ಲಿಗೆ ಮುಂಚೆ ಒಮ್ಮೆ ಈ ಪರೀಕ್ಷೆಗಳನ್ನು ನಡೆಸುವುದೂ, ಹಳ್ಳ ದಾಟಿ ಬಂದಾಗಲೆಲ್ಲ ಕ್ರಾಸುಗಳಿಗೆ ಗ್ರೀಸು ತುಂಬಿಸುವುದೂ ಒಳ್ಳೆಯ ಪದ್ಧತಿ. ‘ಠಕ್’ ಎನ್ನುವ ಗಾಡಿಯಲ್ಲಿ ಮಾತ್ರ ದೋಷವು ಗೊತ್ತಾಗಿ ಸರಿಹೋಗುವವರೆಗೆ ಆಳುಗಳನ್ನು ಕೂರಿಸಿಕೊಂಡು ಘಟ್ಟವಿಳಿಯಕೂಡದು.