ಥೈರಾಯ್ಡ್ ಶಸ್ತ್ರಚಿಕಿತ್ಸೆಯ ನಂತರದ ಕ್ಯಾಲ್ಸಿಯಂ ಕೊರತೆ

ಥೈರಾಯ್ಡ್ ಗ್ರಂಥಿಯನ್ನು ಪೂರ್ಣವಾಗಿ ತೆಗೆದ ನಂತರ ರಕ್ತದಲ್ಲಿನ ಕ್ಯಾಲ್ಸಿಯಂ ಪ್ರಮಾಣ ಕುಸಿಯುವುದು ಈ ಶಸ್ತ್ರಚಿಕಿತ್ಸೆಯ ಸಾಮಾನ್ಯ ತೊಡಕುಗಳಲ್ಲಿ ಒಂದು. ಬಹುಪಾಲು ರೋಗಿಗಳಲ್ಲಿ ಇದು ತಾತ್ಕಾಲಿಕವಾಗಿದ್ದು, ಮುನ್ನೆಚ್ಚರಿಕೆಯಿಂದ ಇದರ ಅಪಾಯವನ್ನು ಬಹುಮಟ್ಟಿಗೆ ತಡೆಯಬಹುದು.

ಕಾರಣ

ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ 4 ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಬೇಳೆಕಾಳಿನಷ್ಟು ಚಿಕ್ಕದಾದ ಈ ಗ್ರಂಥಿಗಳನ್ನು ಮಾನವ ದೇಹದಲ್ಲಿ ಗುರುತಿಸಿ 1880ರಲ್ಲಿ ವಿವರಿಸಿದವರು ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್. ಇವು ಸ್ರವಿಸುವ ಹಾರ್ಮೋನು ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ಪ್ರತಿ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಮಿತಿಯಲ್ಲಿರಿಸುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಇವುಗಳಿಗೆ ಪೆಟ್ಟಾದರೆ, ರಕ್ತಪೂರೈಕೆ ಕಡಿಮೆಯಾದರೆ ಅಥವಾ ಇವು ಥೈರಾಯ್ಡಿನೊಂದಿಗೆ ಹೊರಬಂದರೆ ಕ್ಯಾಲ್ಸಿಯಂ ಇಳಿಯುತ್ತದೆ.

ಲಕ್ಷಣಗಳು

ತುಟಿಯ ಸುತ್ತ ಹಾಗೂ ಬೆರಳ ತುದಿಗಳಲ್ಲಿ ಜೋಮು ಹಿಡಿದಂತಾಗುವುದು ಮೊದಲ ಸೂಚನೆ. ನಂತರ ಕೈಕಾಲುಗಳ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ತೀವ್ರ ಸ್ಥಿತಿಯಲ್ಲಿ ಸೆಳವು, ಉಸಿರಾಟದ ತೊಂದರೆ ಮತ್ತು ಹೃದಯಬಡಿತದ ಏರುಪೇರು ಉಂಟಾಗಬಹುದು.

ತಡೆಗಟ್ಟುವಿಕೆ

ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪ್ರಮಾಣವನ್ನು ಪರೀಕ್ಷಿಸಿ, ಕೊರತೆಯಿದ್ದರೆ ಸರಿಪಡಿಸಲಾಗುತ್ತದೆ. ಶಸ್ತ್ರವೈದ್ಯರು ಪ್ಯಾರಾಥೈರಾಯ್ಡ್‌ಗಳನ್ನು ಅವುಗಳ ರಕ್ತನಾಳಗಳ ಸಮೇತ ಉಳಿಸಿಕೊಳ್ಳುತ್ತಾರೆ. ರಕ್ತಪೂರೈಕೆ ತಪ್ಪಿದ ಗ್ರಂಥಿಯನ್ನು ಚಿಕ್ಕ ಚೂರುಗಳಾಗಿಸಿ ಕುತ್ತಿಗೆಯ ಸ್ನಾಯುವಿನಲ್ಲಿ ನಾಟಿ ಮಾಡುವುದುಂಟು. ಬಳಿಕ ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ಕ್ಯಾಲ್ಸಿಯಂ ಪ್ರಮಾಣಗಳನ್ನು ಅಳೆದು, ಅಗತ್ಯಕ್ಕೆ ತಕ್ಕಂತೆ ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ ನೀಡಲಾಗುತ್ತದೆ. ತೀವ್ರ ಕೊರತೆಗೆ ಕ್ಯಾಲ್ಸಿಯಂ ಗ್ಲುಕೋನೇಟನ್ನು ರಕ್ತನಾಳದ ಮೂಲಕ ಕೊಡಬೇಕಾಗುತ್ತದೆ.

ಮನೆಗೆ ಮರಳಿದ ನಂತರ

ಕ್ಯಾಲ್ಸಿಯಂ ಸಾಮಾನ್ಯವಾಗಿ ಅತ್ಯಂತ ಕೆಳಮಟ್ಟಕ್ಕೆ ಇಳಿಯುವುದು ಶಸ್ತ್ರಚಿಕಿತ್ಸೆಯಾದ 2ರಿಂದ 4 ದಿನಗಳಲ್ಲಿ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಿಂದ ಹುಬ್ಬಳ್ಳಿ ಅಥವಾ ದಾವಣಗೆರೆಗೆ ಹೋಗಿ ಚಿಕಿತ್ಸೆ ಪಡೆದವರಿಗೆ ಊರು ಸೇರಿದ ಮೇಲೆಯೇ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಆದ್ದರಿಂದ ರೋಗಿಯಷ್ಟೇ ಮನೆಯವರೂ ಇವನ್ನು ಅರಿತಿರುವುದು ಅವಶ್ಯಕ. ಜೋಮನ್ನು ನಿಶ್ಶಕ್ತಿಯೆಂದು ಕಡೆಗಣಿಸದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಸ್ನಾಯುಸೆಳೆತ ಅಥವಾ ಉಸಿರಾಟದ ತೊಂದರೆ ಕಂಡುಬಂದರೆ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು.

ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯನ್ನು ಊಟದೊಂದಿಗೆ ಸೇವಿಸಿದರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆದರೆ ಕ್ಯಾಲ್ಸಿಯಂ ಥೈರಾಕ್ಸಿನ್ ಹೀರಿಕೆಗೆ ಅಡ್ಡಿಯಾಗುವುದರಿಂದ ಇವೆರಡರ ನಡುವೆ ಕನಿಷ್ಠ 4 ಗಂಟೆಗಳ ಅಂತರವಿರಬೇಕು. ಹಾಲು, ಮೊಸರು, ರಾಗಿ, ಎಳ್ಳು ಹಚ್ಚಿದ ರೊಟ್ಟಿ, ರಾಜಗಿರಿ ಸೊಪ್ಪು ಇವು ಕ್ಯಾಲ್ಸಿಯಂ ಒದಗಿಸುವ ಆಹಾರಗಳಾದರೂ ಮಾತ್ರೆಗೆ ಬದಲಿಯಲ್ಲ. ಅತಿಯಾದ ಕ್ಯಾಲ್ಸಿಯಂ ಮೂತ್ರಪಿಂಡಗಳಿಗೆ ಹಾನಿಕರವಾದುದರಿಂದ ವೈದ್ಯರ ಸಲಹೆಯಿಲ್ಲದೆ ಮಾತ್ರೆಗಳ ಪ್ರಮಾಣವನ್ನು ಹೆಚ್ಚಿಸುವುದಾಗಲಿ ನಿಲ್ಲಿಸುವುದಾಗಲಿ ಸಲ್ಲದು.