ಬೇವಿನೆಣ್ಣೆ, ಸಾಬೂನು ಮತ್ತು ಸಸ್ಯಹೇನು

ಸಸ್ಯಹೇನುಗಳು ಎಳೆಯ ಕುಡಿಗಳಲ್ಲಿಯೂ ಎಲೆಯ ಅಡಿಯಲ್ಲಿಯೂ ಗುಂಪುಗೂಡಿ ರಸವನ್ನು ಹೀರುವುವು. ಇವುಗಳ ಹತೋಟಿಗೆ ಬೇವಿನೆಣ್ಣೆ ಉಪಯುಕ್ತವಾದರೂ ಅದು ನೀರಿನೊಡನೆ ಬೆರೆಯದೆ ತೇಲುವುದು. ಹಾಗೆಯೇ ಸಿಂಪಡಿಸಿದಲ್ಲಿ ಒಂದೆಡೆ ಎಲೆ ಸುಡಬಹುದು, ಇನ್ನೊಂದೆಡೆ ಕೀಟ ಉಳಿಯಬಹುದು. 1 ಲೀಟರು ನೀರಿಗೆ 5 ಮಿಲಿಲೀಟರು ಎಣ್ಣೆಯನ್ನು ಸೇರಿಸುವ ಮೊದಲು ತುಸು ಸಾಬೂನನ್ನು ಕರಗಿಸಿದರೆ, ಎಣ್ಣೆಯು ಸೂಕ್ಷ್ಮ ಹನಿಗಳಾಗಿ ಹರಡುತ್ತದೆ. ನೀರಿನ ಮೇಲ್ಮೈ ಎಳೆತವು ತಗ್ಗಿ, ಮೇಣದ ಲೇಪವುಳ್ಳ ಕೀಟದ ಮೈ ಚೆನ್ನಾಗಿ ತೋಯುತ್ತದೆ. 

ಆದರೆ ಒಂದು ಎಚ್ಚರಿಕೆ ಅವಶ್ಯಕ. ಸಾಬೂನುನೀರೊಂದೇ ಈ ಮೃದುದೇಹಿಗಳನ್ನು ಕೊಲ್ಲಬಲ್ಲದು. ಆದುದರಿಂದ ಪ್ರಯೋಗದಲ್ಲಿ ಬರಿಯ ನೀರಿನ ತಾಕಿನ ಜೊತೆಗೆ ಬರಿಯ ಸಾಬೂನುನೀರಿನ ತಾಕನ್ನೂ ಇರಿಸತಕ್ಕದ್ದು. ಇಲ್ಲವಾದರೆ ಸಾಬೂನಿನ ಫಲವನ್ನು ನಾವು ಬೇವಿನ ಲೆಕ್ಕಕ್ಕೆ ಬರೆದುಕೊಂಡೇವು.